ರಷ್ಯಾದ ದೆವ್ವದ ಹಣೆಯ ಬೊಟ್ಟು

ಸಿನಿಮಾ ನೋಡುವವರು ಬೇಕಾದಷ್ಟು ಜನ ಇರಬಹುದು. ಆದರೆ ಒಂದೇ ಸಿನಿಮಾದ ಬೇರೆ ಬೇರೆ ಡಿಸ್ಕುಗಳನ್ನು ತರಿಸಿ, ಯಾವುದರಲ್ಲಿ ದೆವ್ವ ಹೆಚ್ಚು ಚೆನ್ನಾಗಿ ಕಾಣುತ್ತದೆ ಎಂದು ಹೋಲಿಸಿ ನೋಡುವವನು ಇಡೀ ನಾಗಮಂಗಲ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂಬುದು ನನ್ನ ನಂಬಿಕೆ. ನನ್ನ ಹೆಂಡತಿ ಸಾವಿತ್ರಿಯ ನಂಬಿಕೆಯೂ ಅದೇ. ನಾನು ಹೆಮ್ಮೆಯಿಂದ ನಂಬುತ್ತೇನೆ, ಅವಳು ನಿಟ್ಟುಸಿರು ಬಿಟ್ಟು ನಂಬುತ್ತಾಳೆ. ವ್ಯತ್ಯಾಸ ಅಷ್ಟೇ.

ಸಿನಿಮಾ ರಷ್ಯಾದ್ದು. ಬಹಳ ಹಳೆಯದು. ಅದರ ಹೆಸರನ್ನು ನಾನು ಉಚ್ಚರಿಸಿದರೆ ಎದುರಿಗಿರುವವರು ಮುಖ ಒರೆಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ನಾವು ಅದನ್ನು 'ಗಿರಣಿ ದೆವ್ವ' ಎಂದೇ ಕರೆಯುತ್ತೇವೆ. ಕಥೆ ಸರಳ. ಒಂದು ಹಳ್ಳಿ, ಒಂದು ಹೊಳೆ, ಹೊಳೆಯ ದಂಡೆಯಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ. ಮದುವೆಯ ದಿನವೇ ಹೊಳೆಗೆ ಬಿದ್ದು ಸತ್ತ ಹೆಣ್ಣೊಬ್ಬಳು ಹೊತ್ತು ಮುಳುಗಿದ ಮೇಲೆ ಗಿರಣಿಗೆ ಬರುತ್ತಾಳೆ. ಮದುವೆಯ ಅಡುಗೆಗೆಂದು ಇಟ್ಟಿದ್ದ ಗೋಧಿ ಹಾಗೇ ಉಳಿದಿದೆ, ಬೀಸಿಕೊಡು ಎನ್ನುತ್ತಾಳೆ. ಬೀಸಿಕೊಟ್ಟವನು ಸಾಯುತ್ತಾನೆ. ಬೀಸಿಕೊಡದವನೂ ಸಾಯುತ್ತಾನೆ.

ಇದನ್ನು ನಾನು ಮೊದಲು ನೋಡಿದ್ದು ಮೈಸೂರಿನಲ್ಲಿ ಓದುವಾಗ, ಹಾಸ್ಟೆಲಿನಲ್ಲಿ, ವೀಡಿಯೊ ಕ್ಯಾಸೆಟ್ಟಿನಲ್ಲಿ. ಪಕ್ಕದಲ್ಲಿ ಕೂತು ನೋಡಿದವನು ಶ್ರೀರಂಗಪಟ್ಟಣದ ರಂಗಸ್ವಾಮಿ. ಅವನದು ದೇವಸ್ಥಾನದ ಪೂಜೆಯ ಮನೆತನ. ಅವನು ಮುಂದೆ ಸಂಸ್ಕೃತದ ಮೇಷ್ಟ್ರಾದ. ಹೊಣಕೆರೆ ಕಡೆಯ ಬೇಸಾಯಗಾರರ ಮಗನಾದ ನಾನು ನಾಗಮಂಗಲದಲ್ಲಿ ಕಾಲೇಜೊಂದರ ಆಫೀಸಿನ ಗುಮಾಸ್ತನಾದೆ. ಆ ಕ್ಯಾಸೆಟ್ಟನ್ನು ರಂಗಸ್ವಾಮಿ ಈಗಲೂ ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಾನೆ. ಅದು ಮೂಲ, ಆಮೇಲೆ ಬಂದ ಡಿಸ್ಕುಗಳೆಲ್ಲ ಪಾಠಾಂತರ ಎಂಬುದು ಅವನ ವಾದ.

"ಲೋ ತಿಮ್ಮೇಗೌಡ, ದೆವ್ವ ಅಂದ್ರೆ ಸರಿಯಾಗಿ ಕಾಣಬಾರದು ಕಣೋ. ನನ್ನ ಕ್ಯಾಸೆಟ್ಟಿನಲ್ಲಿ ಏನೂ ಕಾಣೋದೇ ಇಲ್ಲ. ಅದೇ ಅದರ ಹೆಚ್ಚುಗಾರಿಕೆ."

"ಏನೂ ಕಾಣ್ದಿದ್ರೆ ಟಿವಿ ಯಾಕ್ಲಾ? ರೇಡಿಯೋ ಮಡಿಕ್ಕೊ ಓಗು," ಎನ್ನುತ್ತಿದ್ದೆ ನಾನು.

ನನ್ನ ಬಳಿ ಇದ್ದದ್ದು ಡಿವಿಡಿ. ಅದರಲ್ಲಿ ಎಲ್ಲವೂ ಕಾಣುತ್ತದೆ, ಆದರೆ ಹಸಿರಾಗಿ. ಆಕಾಶ ಹಸಿರು, ಹಿಮ ಹಸಿರು, ಪಾದ್ರಿಯ ಗಡ್ಡ ಹಸಿರು. ಅದನ್ನು ಮೊದಲ ಸಲ ಹಾಕಿದಾಗ, ರಷ್ಯಾ ಎಂದರೆ ಪಾಂಡವಪುರದ ಕಡೆಯ ನಾಲೆ ಬಯಲಿನ ಹಾಗೇ ಇದೆಯಲ್ಲ ಎಂದು ಸಂತೋಷಪಟ್ಟಿದ್ದೆ. ಕೆಳಗೆ ಬರುವ ಇಂಗ್ಲಿಷ್ ಅಕ್ಷರಗಳದ್ದೂ ಒಂದು ತೊಂದರೆ. ದೆವ್ವ ಎದೆ ಬಿರಿಯುವ ಹಾಗೆ ಒಂದು ನಿಮಿಷ ಗೋಳಾಡುತ್ತದೆ, ಅಕ್ಷರದಲ್ಲಿ ಬರುವುದು 'ಹಿಟ್ಟು' ಎಂದು ಒಂದೇ ಪದ.

ಹೀಗಿರುವಾಗ ವಿದೇಶದ ಕಂಪನಿಯೊಂದು ಇದೇ ಚಿತ್ರವನ್ನು ಹೊಸದಾಗಿ ತೊಳೆದು, ಒರೆಸಿ, ಬಣ್ಣ ಸರಿಮಾಡಿ ಬ್ಲೂ-ರೇ ಡಿಸ್ಕಿನಲ್ಲಿ ಬಿಡುಗಡೆ ಮಾಡಿತು. ನಾನು ತರಿಸಿದೆ.

ಅದೇ ಹೊತ್ತಿಗೆ ನಮ್ಮ ಮಗಳು ಪೂರ್ಣಿಮಾಗೆ ಒಂದು ಸಂಬಂಧ ಬಂತು. ತಂದವನು ರಂಗಸ್ವಾಮಿಯೇ. ಹುಡುಗ ಕೆ.ಆರ್. ಪೇಟೆಯಲ್ಲಿ ದನದ ಡಾಕ್ಟರು. ಪೂರ್ಣಿಮಾಳೂ ಅಲ್ಲಿನ ಒಂದು ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಗಣಿತ ಹೇಳಿಕೊಡುತ್ತಾಳೆ. ಇಬ್ಬರೂ ಭೇಟಿಯಾಗಿ, ಮಾತಾಡಿ, ಒಪ್ಪಿಕೊಂಡಾಗಿತ್ತು. ದೊಡ್ಡವರು ಕೂತು ಮಾತಾಡುವುದೊಂದೇ ಬಾಕಿ. ಹುಡುಗನ ತಂದೆ ಪಾಂಡವಪುರದ ಪುಟ್ಟಸ್ವಾಮಿಗೌಡರು, ಗದ್ದೆ ತೋಟ ಇರುವ ನಿವೃತ್ತ ಅಧಿಕಾರಿ. ಅವರು ಅಲ್ಲಿನ ಒಂದು ಪುಟ್ಟ ಚಿತ್ರಸಮಾಜದ ಅಧ್ಯಕ್ಷರೂ ಹೌದು ಎಂದು ರಂಗಸ್ವಾಮಿ ಹೇಳಿದಾಗ, ಈ ಸಂಬಂಧ ಋಣಾನುಬಂಧವೇ ಸರಿ ಎಂದುಕೊಂಡೆ.

ಪುಟ್ಟಸ್ವಾಮಿಗೌಡರು ಫೋನ್ ಮಾಡಿದರು. "ಗೌಡ್ರೆ, ನೀವು ಸಿನಿಮಾ ವಿಚಾರದಲ್ಲಿ ಭಾಳ ತಿಳ್ಕೊಂಡಿದ್ದೀರಂತೆ. ನಮ್ಮ ಸಮಾಜದಲ್ಲಿ ಒಂದು ಮಾತಾಡ್ಬೇಕಲ್ಲ. ಅಂಗೇ ನಮ್ಮ ಮನೇಲಿ ಊಟಾನೂ ಮಾಡ್ಕೊಂಡು, ಮಕ್ಕಳ ವಿಷ್ಯಾನೂ ಮಾತಾಡ್ಬುಡುವಾ."

ನಾನು ಒಪ್ಪಿದೆ. ಸಾವಿತ್ರಿ ಒಪ್ಪಲಿಲ್ಲ.

"ರೀ, ಊಟಕ್ಕೆ ಓಗಣ, ಮಾತುಕತೆಗೆ ಓಗಣ. ಭಾಷಣ ಯಾಕೆ? ಬೀಗರಾಗೋರ ಮುಂದೆ ಕಮ್ಮಿ ಮಾತಾಡಿದಷ್ಟೂ ಒಳ್ಳೇದು."

"ನನ್ನ ಯೋಗ್ಯತೆ ಅವರಿಗೆ ಗೊತ್ತಾಗಬೇಡವೇನೇ?"

"ಅದ್ಕೇ ಯೋಳ್ತಿರೋದು!" ಎಂದಳು.

ಹೋಲಿಕೆಗೆ ನಾನು ಆರಿಸಿಕೊಂಡಿದ್ದು ಒಂದೇ ದೃಶ್ಯ. ದೆವ್ವ ಗಿರಣಿಯ ಬಾಗಿಲಲ್ಲಿ ನಿಂತು ಮುಸುಕು ಸರಿಸುತ್ತದೆ, ಮುಖ ಪರದೆಯ ನಟ್ಟನಡುವೆ ಬರುತ್ತದೆ. ಅಲ್ಲಿ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮೂರೂ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನ್ನ ವಿಧಾನ. ಕ್ಯಾಸೆಟ್ಟಿನ ಫೋಟೋ ರಂಗಸ್ವಾಮಿ ಕಳಿಸಿದ. ಕತ್ತಲೆಯಲ್ಲಿ ಮೋಡ ಕವಿದ ಹಾಗಿತ್ತು. ಅದರಲ್ಲಿ ದೆವ್ವ ಯಾವುದು, ಬಾಗಿಲು ಯಾವುದು ಎಂದು ಅವನಿಗೇ ಫೋನ್ ಮಾಡಿ ಕೇಳಬೇಕಾಯಿತು. ಡಿವಿಡಿಯ ಫೋಟೋ ನಾನೇ ತೆಗೆದೆ. ಪಾಚಿ ಕಟ್ಟಿದ ಹೆಣ್ಣಿನಂತಿತ್ತು.

ಇನ್ನು ಬ್ಲೂ-ರೇ. ಅದಕ್ಕೆ ಬೇರೆ ಯಂತ್ರ ಬೇಕು. ನಮ್ಮ ಕಾಲೇಜಿನ ಲೆಕ್ಚರರೊಬ್ಬರು ಮಾರನೆಯ ಬೆಳಿಗ್ಗೆಯೇ ವಾಪಸು ಕೊಡಬೇಕೆಂಬ ಕರಾರಿನ ಮೇಲೆ ಕೊಟ್ಟರು. ಸಂಜೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಗೆ ಬಂದೆ. ಅವತ್ತು ಸಾವಿತ್ರಿ ಯಾರದೋ ನಿಶ್ಚಿತಾರ್ಥಕ್ಕೆ ಕೆ.ಆರ್. ಪೇಟೆಗೆ ಹೋಗಿ ಬಂದು, ಬಿಸಿಲಿಗೆ ತಲೆನೋವು ಹಿಡಿಸಿಕೊಂಡು, ಮುಖ ತೊಳೆದು ಒಳಗೆ ಮಲಗಿದ್ದಳು. ನಾನು ಸದ್ದು ಮಾಡದೆ ಯಂತ್ರ ಜೋಡಿಸಿದೆ. ಡಿಸ್ಕು ಹಾಕಿದೆ. ನೇರ ಆ ದೃಶ್ಯಕ್ಕೇ ಹಾರಿ, ನಿಲ್ಲಿಸಿ, ಫೋಟೋ ತೆಗೆದೆ. ತೆಗೆದ ಮರುಕ್ಷಣ ಕರೆಂಟು ಹೋಯಿತು. ಅದು ಬರುವ ಹೊತ್ತಿಗೆ ಯಂತ್ರ ವಾಪಸು ಕೊಡುವ ಹೊತ್ತಾಗಿತ್ತು. ಅಂದರೆ, ಆಸೆಪಟ್ಟು ತರಿಸಿದ ಡಿಸ್ಕಿನಲ್ಲಿ ನಾನು ನೋಡಿದ್ದು ಆ ಒಂದು ದೃಶ್ಯ ಮಾತ್ರ. ಅದೂ ಕನ್ನಡಕವಿಲ್ಲದೆ, ಮೊಬೈಲಿನ ಮೂಲಕ.

ಮಾರನೆಯ ದಿನ ಆಫೀಸಿನಲ್ಲಿ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದೆ. ಮೈ ಜುಮ್ಮೆಂದಿತು! ದೆವ್ವದ ಎರಡು ಹುಬ್ಬುಗಳ ನಡುವೆ, ಸ್ವಲ್ಪ ಮೇಲೆ, ಒಂದು ಕೆಂಪು ಗುರುತು. ದುಂಡಗೆ, ಅಚ್ಚುಕಟ್ಟಾಗಿ. ಅದರ ನಡುವೆ ಒಂದು ಹೊಳಪು. ಡಿವಿಡಿಯಲ್ಲಿ ಇಲ್ಲ. ಕ್ಯಾಸೆಟ್ಟಿನಲ್ಲಿ ಹಣೆಯೇ ಇಲ್ಲ. ಇಷ್ಟು ವರ್ಷ ಕೊಳೆಯ ಕೆಳಗೆ ಮುಚ್ಚಿಹೋಗಿದ್ದ ಬೊಟ್ಟು ಹೊಸ ಡಿಸ್ಕಿನಲ್ಲಿ ಮೊದಲ ಸಲ ಬೆಳಕಿಗೆ ಬಂದಿದೆ, ಅದನ್ನು ಕಂಡುಹಿಡಿದವನು ನಾಗಮಂಗಲದ ತಿಮ್ಮೇಗೌಡ!

ಮನೆಗೆ ಹೋಗಿ ಸಾವಿತ್ರಿಗೆ ಮೊಬೈಲು ಹಿಡಿದೆ. ಅವಳು ಮುದ್ದೆ ತಿರುವುತ್ತಿದ್ದಳು.

"ನೋಡೇ, ಈ ಹೆಂಗಸಿನ ಮುಖದಲ್ಲಿ ಏನು ಕಾಣ್ತದೆ?"

"ಚೆನ್ನಾಗವ್ಳೆ," ಎಂದಳು, ಪಾತ್ರೆಯಿಂದ ಕಣ್ಣೆತ್ತದೆ.

ಆ ಒಂದು ಕ್ಷಣ ಅವಳು ಕಣ್ಣೆತ್ತಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಮುದ್ದೆ ಗಂಟಾಗುತ್ತಿತ್ತು.

ಗುರುತು ಸಿಕ್ಕಿತು, ಇನ್ನು ಅದಕ್ಕೆ ಅರ್ಥ ಬೇಕಲ್ಲ. ಮದುವೆಯ ದಿನ ಸತ್ತ ಹೆಣ್ಣು, ಹಣೆಯಲ್ಲಿ ಕೆಂಪು ಬೊಟ್ಟು. ಅಂದರೆ ಮುತ್ತೈದೆ ಸಾವು! ರಷ್ಯಾದವರಿಗೂ ನಮಗೂ ಯಾವುದೋ ಕಾಲದ ನಂಟು ಇರಲೇಬೇಕು. ಇದನ್ನು ಹಿರಿಯರ ಬಾಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಲು ಬಸ್ಸು ಹತ್ತಿ ಬಿಂಡಿಗನವಿಲೆಗೆ ಹೋದೆ. ಅಲ್ಲಿ ನನ್ನ ಸೋದರತ್ತೆ ನಿಂಗಮ್ಮ ಇದ್ದಾರೆ. ಕುರಿಗಳಿಗೆ ಸೊಪ್ಪು ಹಾಕುತ್ತಿದ್ದರು.

"ಅತ್ತೆ, ಮದುವೆ ದಿನಾನೇ ಸತ್ತೋದ ಹೆಣ್ಣಿಗೆ ಕುಂಕುಮ ಇಕ್ತಾರಾ?"

ಅತ್ತೆಯ ಕೈ ನಿಂತಿತು. "ಯಾರ್ಲಾ ಸತ್ತೋದೋರು?"

"ನಮ್ಮೋರಲ್ಲ ಅತ್ತೆ. ರಷ್ಯಾದೋಳು."

"ಅದೆಲ್ಲದ್ಲಾ ಅದು? ಬೆಳ್ಳೂರ್ ತಾವಾ?"

"ಇನ್ನೂ ವಸಿ ದೂರ."

"ತಾಳಿ ಆಗಿತ್ತಾ?"

"ಅವರಲ್ಲಿ ತಾಳಿ ಇಲ್ಲ ಅತ್ತೆ, ಉಂಗುರ."

"ಏನೋ ಒಂದು ಆಗಿತ್ತಲ್ಲ, ಅಂಗಾರೆ ಮುತ್ತೈದೆ. ಕುಂಕುಮ ಇಕ್ದೆ ಬರೀ ಹಣೇಲಿ ಕಳಿಸ್ತಾರೇನ್ಲಾ? ಏನಾಗಿತ್ತಂತೆ?"

"ಹೊಳೆಗೆ ಬಿದ್ಳಂತೆ."

ಅತ್ತೆ ಸೊಪ್ಪು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಇದು ಸಿನಿಮಾ ಎಂದು ಹೇಳಬೇಕಿತ್ತು. ಆದರೆ ಮೊಬೈಲಿನಲ್ಲಿ ಅವರ ಮಾತು ರೆಕಾರ್ಡ್ ಆಗುತ್ತಿತ್ತು, ಒಳ್ಳೆಯ ಸಾಕ್ಷ್ಯ ಕೆಡುತ್ತದಲ್ಲ ಎಂದು ಸುಮ್ಮನಾದೆ. ಹೊರಡುವಾಗ ಅತ್ತೆ, "ಅವರವ್ವಂಗೆ ಧೈರ್ಯ ಯೋಳ್ಲಾ ಮಗ," ಎಂದರು. ಆಗಲಿ ಎಂದೆ.

ಭಾಷಣಕ್ಕೆ ಹೆಸರು ಸಿದ್ಧವಾಯಿತು. 'ಗಿರಣಿ ದೆವ್ವದ ತಿಲಕ: ವೋಲ್ಗಾದಿಂದ ಹೇಮಾವತಿಗೆ'. ಬೊಟ್ಟಿನ ನಡುವಿನ ಹೊಳಪು ಸೂರ್ಯನ ಸಂಕೇತ ಎಂದು ತೀರ್ಮಾನಿಸಿದೆ. ಹಾಗೆಂದು ಯಾರೂ ನನಗೆ ಹೇಳಿರಲಿಲ್ಲ. ಹೊಳೆಯುವುದೆಲ್ಲ ಸೂರ್ಯನಲ್ಲದೆ ಇನ್ನೇನು?

ಡಿಸ್ಕಿನ ಕಂಪನಿಗೂ ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದೆ. ಭಾರತೀಯ ತಿಲಕವನ್ನು ಜಗತ್ತಿಗೆ ತೋರಿಸಿದ್ದಕ್ಕೆ ಹಾರ್ದಿಕ ಅಭಿನಂದನೆ ಸಲ್ಲಿಸಿ, ಫೋಟೋವನ್ನೂ ಕಳಿಸಿದೆ. ಅವರಿಂದ ತುಂಬ ವಿನಯದ ಉತ್ತರ ಬಂತು. ತಮ್ಮ ಡಿಸ್ಕಿನಲ್ಲಿ ಅಂಥ ಗುರುತು ಯಾವುದೂ ಇಲ್ಲವೆಂದೂ, ದಯವಿಟ್ಟು ಮೆತ್ತಗಿನ ಬಟ್ಟೆಯಿಂದ ಟಿವಿಯನ್ನು ಒಮ್ಮೆ ಒರೆಸಿ ನೋಡಬೇಕೆಂದೂ ಬರೆದಿದ್ದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಮ್ಮ ದೇಶದವನೊಬ್ಬ ಏನಾದರೂ ಕಂಡುಹಿಡಿದರೆ ಪರದೇಶದವರು ಒಪ್ಪುವುದಿಲ್ಲ ಎಂಬ ಮಾತನ್ನೂ ಭಾಷಣಕ್ಕೆ ಸೇರಿಸಿದೆ. ಟಿವಿ ಒರೆಸಲಿಲ್ಲ.

ರಂಗಸ್ವಾಮಿಗೆ ಹೇಳಿದೆ. "ಮೂಲದಲ್ಲಿ ಇಲ್ಲದ್ದು ಪಾಠಾಂತರದಲ್ಲಿ ಬಂದರೆ ಅದಕ್ಕೆ ಪ್ರಕ್ಷಿಪ್ತ ಅಂತಾರೆ ಕಣೋ. ನಡುವೆ ಯಾರೋ ತಂದು ಅಂಟಿಸಿದ್ದು."

"ಹೊಟ್ಟೆಕಿಚ್ಚು ಪಡಬೇಡ ಬುಡ್ಲಾ," ಎಂದೆ.

ಪುಟ್ಟಸ್ವಾಮಿಗೌಡರಿಗಂತೂ ಕೇಳಿ ರೋಮಾಂಚನವಾಯಿತು. ಆಹ್ವಾನಪತ್ರಿಕೆ ಅಚ್ಚು ಹಾಕಿಸಿದರು. ಪತ್ರಿಕೆಯವರೊಬ್ಬರಿಗೆ ಹೇಳಿದರು. ನೆಂಟರಿಷ್ಟರಿಗೆಲ್ಲ, "ನಮ್ಮ ಬೀಗರು ಸಂಶೋಧನೆ ಮಾಡವ್ರೆ," ಎಂದು ಹೇಳಿಕೊಂಡರಂತೆ. ಮಾತುಕತೆಗೆ ಮೊದಲೇ ಬೀಗರು ಎಂದುಬಿಟ್ಟರಲ್ಲ ಎಂದು ನಾನು ಹಿಗ್ಗಿದೆ. ಸಾವಿತ್ರಿ ಮಾತ್ರ, "ಇಷ್ಟು ಮ್ಯಾಲಕ್ಕೆ ಎತ್ತಾವ್ರೆ, ಬುಟ್ರೆ ಎಲ್ಲಿಗೆ ಬೀಳ್ತೀವೋ," ಎಂದಳು.

ಭಾನುವಾರ ಪಾಂಡವಪುರದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಮುಂದಿನ ಸಾಲಿನಲ್ಲಿ ಪುಟ್ಟಸ್ವಾಮಿಗೌಡರು, ಅವರ ಹೆಂಡತಿ ಜಯಮ್ಮ, ಜಯಮ್ಮನ ಪಕ್ಕ ಸಾವಿತ್ರಿ. ಪತ್ರಿಕೆಯವರು ಪೆನ್ನು ಬಿಚ್ಚಿಕೊಂಡು ಕೂತಿದ್ದರು. ರಂಗಸ್ವಾಮಿ ಶ್ರೀರಂಗಪಟ್ಟಣದಿಂದ ಬೆಳಿಗ್ಗೆಯೇ ಬಂದಿದ್ದ. ಪೂರ್ಣಿಮಾ ಬಂದಿರಲಿಲ್ಲ. ಅವಳಿಗೆ ನನ್ನ ಭಾಷಣ ಮನೆಯಲ್ಲೇ ಸಾಕಷ್ಟು ಸಿಗುತ್ತದೆ.

ನಾನು ಮೈಕು ಹಿಡಿದೆ. ಕ್ಯಾಸೆಟ್ಟಿನ ಕತ್ತಲೆ, ಡಿವಿಡಿಯ ಹಸಿರು, ಎರಡನ್ನೂ ವಿವರಿಸಿದೆ. ಜನ ತಾಳ್ಮೆಯಿಂದ ಕೇಳಿದರು. ಆಮೇಲೆ ಬ್ಲೂ-ರೇ ಫೋಟೋವನ್ನು ಗೋಡೆಯಷ್ಟು ದೊಡ್ಡದಾಗಿ ಹಾಕಿಸಿದೆ. ಹಣೆಯ ಬೊಟ್ಟು ಹೆಚ್ಚುಕಮ್ಮಿ ತಟ್ಟೆಯಷ್ಟಿತ್ತು. ಸಭೆಯಲ್ಲಿ ಒಂದು ಉದ್ಗಾರ ಎದ್ದಿತು. ಅತ್ತೆಯ ಮಾತು ಕೇಳಿಸಿದೆ. ಹೇಮಾವತಿ, ವೋಲ್ಗಾ, ಸೂರ್ಯ, ಮುತ್ತೈದೆತನ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸೇರಿಸಿದೆ. ಚಪ್ಪಾಳೆ ಬಿತ್ತು! ನಾನು ಮೇಜಿನ ಮೇಲಿನ ನೀರು ಕುಡಿದು ಸಾವಿತ್ರಿಯ ಕಡೆ ನೋಡಿದೆ. ಅವಳು ಪರದೆಯನ್ನು ನೋಡುತ್ತಿದ್ದಳು. ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ನನ್ನ ವಿದ್ವತ್ತಿಗೆ ಬೆರಗಾಗಿದ್ದಾಳೆ ಎಂದುಕೊಂಡೆ.

ಅಲ್ಲಿಗೆ ನಿಲ್ಲಿಸಿ ಊಟಕ್ಕೆ ಏಳಬಹುದಿತ್ತು. ಆದರೆ ಪುಟ್ಟಸ್ವಾಮಿಗೌಡರು ಎದ್ದು ನಿಂತರು.

"ಗೌಡ್ರೆ, ನಿಮಗೆ ಯೋಳಿರ್ಲಿಲ್ಲ. ಮೈಸೂರಿನಿಂದ ಬ್ಲೂ-ರೇ ಯಂತ್ರಾನೇ ತರಿಸ್ಬುಟ್ಟಿದ್ದೀನಿ. ಫೋಟೋ ಯಾಕೆ? ಡಿಸ್ಕಲ್ಲೇ ನೋಡ್ಬುಡುವಾ!"

"ಧಾರಾಳವಾಗಿ!" ಎಂದೆ. ಡಿಸ್ಕು ಚೀಲದಲ್ಲೇ ಇತ್ತು. ಎಲ್ಲರಿಗೂ ತೋರಿಸಲೆಂದು ನಾನೇ ತಂದಿದ್ದೆ.

ಗಿರಣಿಯ ಚಕ್ರ ತಿರುಗಿತು. ಬಾಗಿಲು ತೆರೆಯಿತು. ದೆವ್ವ ಮುಸುಕು ಸರಿಸಿತು. ಹಣೆ ತೊಳೆದಿಟ್ಟ ಅಕ್ಕಿಯ ಹಾಗೆ ಬೆಳ್ಳಗಿತ್ತು.

ಬೊಟ್ಟು ಇರಲಿಲ್ಲ.

"ಇನ್ನೊಂದು ಸಲ ಹಾಕಿ," ಎಂದೆ. ಹಾಕಿದರು. ಇರಲಿಲ್ಲ. ಮತ್ತೊಂದು ಸಲ ಹಾಕಿದರು. ದೆವ್ವ ಮುಸುಕು ಸರಿಸಿ ಸರಿಸಿ ಅದಕ್ಕೂ ಬೇಸರ ಬಂದಿರಬೇಕು.

"ಪ್ರೊಜೆಕ್ಟರಿನಲ್ಲಿ ಕೆಂಪು ಬಣ್ಣ ಹೋಗಿದೆ," ಎಂದೆ.

"ತುಟಿ ಕೆಂಪಗೇ ಅವೆಯಲ್ಲ ಗೌಡ್ರೆ," ಎಂದರು ಪುಟ್ಟಸ್ವಾಮಿಗೌಡರು.

"ತುಟಿಯ ಕೆಂಪು ಬೇರೆ, ತಿಲಕದ ಕೆಂಪು ಬೇರೆ," ಎಂದೆ. ಇದರ ಅರ್ಥ ಏನೆಂದು ನನಗೆ ಈಗಲೂ ಗೊತ್ತಿಲ್ಲ. ಪತ್ರಿಕೆಯವರು ಬರೆದುಕೊಂಡರು.

ಆಮೇಲೆ ನಾನು ಪರದೆಯ ಹತ್ತಿರ ಹೋಗಿ, ಬೆರಳಿಟ್ಟು, "ಸೂಕ್ಷ್ಮವಾಗಿ ನೋಡಿ, ಇಲ್ಲಿ, ತುಸು ಮಸುಕಾಗಿ ಇದೆ," ಎಂದೆ. ನನಗೆ ಏನೂ ಕಾಣುತ್ತಿರಲಿಲ್ಲ. ಆದರೆ ಹಿಂದಿನ ಸಾಲಿನ ಹಿರಿಯರೊಬ್ಬರು, "ಔದು, ಕಾಣ್ತದೆ," ಎಂದರು. ಅವರ ಪಕ್ಕದವರು ತಮಗೆ ಎರಡು ಕಾಣುತ್ತಿವೆ ಎಂದರು. ಆಗ ರಂಗಸ್ವಾಮಿ ಎದ್ದ. ನನ್ನನ್ನು ಮುಗಿಸಿಬಿಡುತ್ತಾನೆ ಎಂದುಕೊಂಡೆ. ಅವನು ನನ್ನ ಮುಖ ನೋಡಿದ, ಬೀಗರಾಗುವವರ ಮುಖ ನೋಡಿದ, ಗಂಟಲು ಸರಿಮಾಡಿಕೊಂಡ.

"ನನಗೂ ಕಾಣ್ತಾ ಇದೆ. ಸ್ಪಷ್ಟವಾಗಿ," ಎಂದ.

ಮೂವತ್ತು ವರ್ಷಕ್ಕೂ ಮೀರಿದ ಸ್ನೇಹದಲ್ಲಿ ಅವನು ನನ್ನ ಡಿಸ್ಕಿನ ಪರವಾಗಿ ಆಡಿದ ಮೊದಲ ಮಾತು ಅದು. ಪೂಜೆಯ ಮನೆತನದವನು, ತುಂಬಿದ ಸಭೆಯಲ್ಲಿ ನನಗಾಗಿ, ನನ್ನ ಮಗಳಿಗಾಗಿ ಸುಳ್ಳು ಹೇಳಿದ.

ಅಷ್ಟರಲ್ಲಿ ಸಾವಿತ್ರಿ ಎದ್ದು ಬಂದಳು. ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ವೇದಿಕೆ ಹತ್ತಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಗುಟ್ಟಾಗಿ ಹೇಳಿದಳು.

"ರೀ, ಅದು ನನ್ನ ಬೊಟ್ಟು."

ಮೈಕು ನನ್ನ ಎದೆಯ ಹತ್ತಿರವೇ ಇತ್ತು. ಅವಳ ಗುಟ್ಟು ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರ್ ಪೆಟ್ಟಿಗೆಗಳಿಂದ ಹೊರಗೆ ಬಂತು.

ಆಗಲಾದರೂ ಮೈಕು ಆರಿಸಬಹುದಿತ್ತು. ನಾನು, "ಯಾವ ಬೊಟ್ಟು?" ಎಂದು ಮೈಕಿನಲ್ಲೇ ಕೇಳಿದೆ.

"ನಿಶ್ಚಿತಾರ್ಥಕ್ಕೆ ಇಟ್ಕಂಡು ಓಗಿದ್ನಲ್ಲ, ಕಲ್ಲಿನ ಬೊಟ್ಟು. ಮುಖ ತೊಳೆಯೋಕೆ ಮುಂಚೆ ತೆಗ್ದು ಟಿವಿ ಗಾಜಿಗೆ ಅಂಟಿಸಿದ್ದೆ. ಬೆಳಿಗ್ಗೆ ತೆಗುದ್ಬುಟ್ಟೆ."

"ಹಾಗಾದರೆ ಆ ನಡುವಿನ ಸೂರ್ಯ?"

"ಕಲ್ಲು ಕಣ್ರೀ ಅದು!"

ಪರದೆಯ ಮೇಲೆ ದೆವ್ವ ಬರಿಯ ಹಣೆಯಲ್ಲಿ ನಮ್ಮನ್ನೇ ನೋಡುತ್ತಿತ್ತು. ಮೊದಲು ನಕ್ಕವರು ಜಯಮ್ಮ. ಮೆಲ್ಲಗೆ ಶುರುಮಾಡಿ, ಸೆರಗು ಬಾಯಿಗೆ ತುರುಕಿಕೊಂಡು, ಕೊನೆಗೆ ಕುರ್ಚಿ ಹಿಡಿದುಕೊಂಡು ನಕ್ಕರು. ಆಮೇಲೆ ಇಡೀ ಸಭೆ ನಕ್ಕಿತು. ಎರಡು ಬೊಟ್ಟು ಕಂಡವರು ಎಲ್ಲರಿಗಿಂತ ಜೋರಾಗಿ ನಕ್ಕರು. ಪತ್ರಿಕೆಯವರು ಸಾವಿತ್ರಿಯ ಹತ್ತಿರ ಬಂದು ಅವಳ ಹೆಸರಿನ ಅಕ್ಷರಗಳನ್ನು ಸರಿಯಾಗಿ ಕೇಳಿ ಬರೆದುಕೊಂಡರು. ಪುಟ್ಟಸ್ವಾಮಿಗೌಡರು ಮಾತ್ರ ನಗಲಿಲ್ಲ. ತಮ್ಮ ಹೆಸರಿದ್ದ ಆಹ್ವಾನಪತ್ರಿಕೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

ಅವರ ಮನೆಯಲ್ಲಿ ಊಟ ಚೆನ್ನಾಗಿತ್ತು ಎಂದು ಸಾವಿತ್ರಿ ಹೇಳುತ್ತಾಳೆ. ನನಗೆ ಎಲೆಯ ಮೇಲೆ ಏನಿತ್ತು ಎಂದೇ ನೆನಪಿಲ್ಲ. ಪುಟ್ಟಸ್ವಾಮಿಗೌಡರು ಮಳೆಯ ವಿಷಯ, ಕಬ್ಬಿನ ವಿಷಯ ಮಾತಾಡಿದರು. ಮಕ್ಕಳ ವಿಷಯ ಎತ್ತಲಿಲ್ಲ. ಕೈ ತೊಳೆಯುವಾಗ ನಾನೇ ಬಾಯಿಬಿಟ್ಟು, "ಹಾಗಾದರೆ ಮಾತುಕತೆ..." ಎಂದೆ. "ನೋಡುವಾ," ಎಂದರು. ಆ ಒಂದು ಪದ ನಾಗಮಂಗಲದವರೆಗೂ ನನ್ನ ಜೊತೆ ಬಸ್ಸಿನಲ್ಲಿ ಕೂತು ಬಂತು.

ಸಾವಿತ್ರಿ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಕಿಟಕಿಯ ಆಚೆ ನೋಡುತ್ತ, "ನಾನಾದ್ರೂ ಮನೇಗ್ ಬಂದ್ ಮ್ಯಾಲೆ ಯೋಳ್ಬೋದಿತ್ತು. ಆ ಅಯ್ನೋರು ನಿಮಗೋಸ್ಕರ ಸುಳ್ಳು ಯೋಳಿದ್ದು ನೋಡಿ ತಡಕಣಕ್ಕೆ ಆಗ್ನಿಲ್ಲ," ಎಂದಳು. ಅಷ್ಟೇ.

ವಾರ ಕಳೆಯಿತು. ಪಾಂಡವಪುರದಿಂದ ಫೋನಿಲ್ಲ. ರಂಗಸ್ವಾಮಿ ಎರಡು ಸಲ ಮಾಡಿ ನೋಡಿದನಂತೆ, ಎತ್ತಲಿಲ್ಲವಂತೆ. ಪತ್ರಿಕೆಯಲ್ಲಿ ಮಾತ್ರ ಚಿಕ್ಕದಾಗಿ ಬಂತು. ಸಾವಿತ್ರಿಯ ಹೆಸರು ತಲೆಬರಹದಲ್ಲಿತ್ತು. ನನ್ನನ್ನು 'ಅವರ ಪತಿ' ಎಂದು ಬರೆದಿದ್ದರು.

ಒಂದು ಸಂಜೆ ಪೂರ್ಣಿಮಾ ಶಾಲೆಯಿಂದ ಬಂದು ಜಗಲಿಯ ಮೇಲೆ ಕೂತು ಚಪ್ಪಲಿ ಬಿಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ಹೋಗಿ ಕೂತೆ. ಚಿಕ್ಕಂದಿನಿಂದ ಅವಳು ನನ್ನಿಂದ ಏನನ್ನೂ ಹೆಚ್ಚಾಗಿ ಕೇಳಿದವಳಲ್ಲ. ಕೇಳದೆಯೇ ಕೂಡಿಬಂದ ಒಂದನ್ನು ನಾನು ಮೈಕು ಹಿಡಿದು ಕೆಡಿಸಿದ್ದೆ.

"ನನ್ನಿಂದ ತಪ್ಪೋಯ್ತೇನವ್ವ?" ಎಂದೆ.

ಅವಳು ಇನ್ನೊಂದು ಚಪ್ಪಲಿಯನ್ನೂ ಬಿಚ್ಚಿಟ್ಟಳು. "ಅವರು ದಿನಾ ಫ್ರೆಂಡ್ಸಿಗೆಲ್ಲ ಇದನ್ನ ಹೇಳ್ಕೊಂಡು ನಗ್ತಾರಪ್ಪ. ಹಸು ನೋಡಕ್ಕೆ ಹೋದ ಕಡೇಲೂ ಹೇಳ್ತಾರಂತೆ."

"ಹಾಗಾದ್ರೆ ಮುಗೀತು," ಎಂದೆ.

"ಅವರಿಗೆ ಬೇಡ ಅಂತಿದ್ರೆ ನಗ್ತಿರ್ಲಿಲ್ಲ. ಅವರಪ್ಪಂಗೆ ಸಿಟ್ಟು, ನಿಜ. ಆದ್ರೆ ಆ ಮನೇಲಿ ಮಾತು ನಡೆಯೋದು ಅವರಮ್ಮಂದು," ಎಂದು ಎದ್ದು ಒಳಗೆ ಹೋದಳು. ನಮ್ಮ ಮನೆಯಲ್ಲೂ ಹಾಗೇ ಎಂದು ಅವಳು ಹೇಳಲಿಲ್ಲ. ಒಳ್ಳೆಯ ಹುಡುಗಿ.

ಮುಂದಿನ ವಾರ ಫೋನು ಮಾಡದೆಯೇ ಪಾಂಡವಪುರದವರು ಕಾರಿನಲ್ಲಿ ಬಂದಿಳಿದರು. ಪುಟ್ಟಸ್ವಾಮಿಗೌಡರು, ಜಯಮ್ಮ, ಹುಡುಗ, ಜೊತೆಗೆ ರಂಗಸ್ವಾಮಿ. ಹಣ್ಣು, ಹೂವು, ವೀಳ್ಯದೆಲೆ ಎಲ್ಲ ತಂದಿದ್ದರು. ಸಾವಿತ್ರಿ ಗಾಬರಿಯಲ್ಲಿ ಕಾಫಿಗೆ ನೀರಿಟ್ಟಳು. ನಾನು ಗಾಬರಿಯಲ್ಲಿ ಟಿವಿಯನ್ನು ಒರೆಸಿದೆ.

ಎಲ್ಲರೂ ಕೂತ ಮೇಲೆ ಜಯಮ್ಮನೇ ಮಾತು ತೆಗೆದರು. "ನಂಗೆ ಮೊದ್ಲು ಈ ಸಂಬಂಧ ಅಷ್ಟು ಮನಸ್ಸಿರ್ಲಿಲ್ಲ ಕಣ್ರವ್ವ. ಹುಡುಗಿ ಚಿನ್ನದಂತವ್ಳು, ಆದ್ರೆ ಅವರಪ್ಪ ಭಾರಿ ಪಂಡಿತ್ರು, ದಿನಾ ಭಾಷಣ ಅಂತ ಇವರು ಯೋಳ್ತಿದ್ರು. ನಮ್ಮನೇಲಿ ಆಗ್ಲೇ ಒಬ್ರು ಅವ್ರೆ, ಸಾಕಾಗದೆ. ಅವತ್ತು ನೀವು ಅಷ್ಟು ಜನದ ಮುಂದೆ ಎದ್ದು ಬಂದು, ಇದ್ದದ್ದು ಇದ್ದಂಗೆ ಯೋಳಿದ್ರಲ್ಲ, ಆಗ ಒಪ್ಕಂಡೆ. ನಿಮ್ಮ ಕೈಯಲ್ಲಿ ಬೆಳೆದ ಮಗಳು ನಮ್ಮ ಮನೆಗೆ ಬೇಕು. ಇವ್ರನ್ನ ದಾರಿಗೆ ತರಕ್ಕೆ ಇಷ್ಟು ದಿನ ಆಯ್ತು, ಅದ್ಕೇ ತಡ."

ಪುಟ್ಟಸ್ವಾಮಿಗೌಡರು ಕಾಫಿ ಲೋಟದೊಳಗೆ ನೋಡುತ್ತಿದ್ದರು. ಜಯಮ್ಮ ಅವರ ಮೊಣಕೈ ತಿವಿದರು. ಅವರು ಲೋಟ ಕೆಳಗಿಟ್ಟರು.

"ನಮ್ಮ ಕಡೆಯಿಂದ ಕೇಳೋದು ಬಿಡೋದು ಏನೂ ಇಲ್ಲ ಗೌಡ್ರೆ. ಆದ್ರೆ ಒಂದು ಷರತ್ತು ಅದೆ," ಎಂದರು.

ರಂಗಸ್ವಾಮಿ ನೆಲ ನೋಡಿದ. ಮಾರಬೇಕಾದೀತೇನೋ ಎಂದು ನಮ್ಮ ಹೊಣಕೆರೆಯ ಹೊಲ ನೆನಪಾಯಿತು. ಏನೇ ಕೇಳಲಿ, ಮಗಳ ಮುಖ ನೋಡಿ ಒಪ್ಪಿಬಿಡಬೇಕು ಎಂದು ಗಟ್ಟಿಮಾಡಿಕೊಂಡೆ.

"ಹೇಳಿ," ಎಂದೆ.

"ಮದುವೇಲಿ ನಿಮ್ಮ ಕೈಗೆ ಮೈಕು ಕೊಡಬಾರದು."

ಇದು ಸ್ವಾಭಿಮಾನದ ಪ್ರಶ್ನೆ. ಹೆಣ್ಣಿನ ತಂದೆಯಾಗಿ ಬಂದವರನ್ನು ನಾಲ್ಕು ಮಾತಿನಲ್ಲಿ ಸ್ವಾಗತಿಸುವುದು ನನ್ನ ಕರ್ತವ್ಯ. ಇದನ್ನೆಲ್ಲ ಯುಕ್ತವಾದ ಭಾಷೆಯಲ್ಲಿ, ಗಂಭೀರವಾಗಿ ಅವರಿಗೆ ಮನವರಿಕೆ ಮಾಡಿಕೊಡಬೇಕೆಂದು ನಾನು ಗಂಟಲು ಸರಿಮಾಡಿಕೊಂಡು ಎದ್ದು ನಿಂತೆ.

ನಿಲ್ಲುವಷ್ಟರಲ್ಲಿ ಸಾವಿತ್ರಿ ತಾಂಬೂಲ ಬದಲಾಯಿಸಿಬಿಟ್ಟಿದ್ದಳು.